ಮಗಳಿಗೊಂದು ಪತ್ರ: ಹದಿನಾಲ್ಕನೇ ಮೊಟ್ಟೆ

ಕೊಲಂಬಸ್, ಒಹಾಯೊ
6 ಸೆಪ್ಟೆಂಬರ್ 2025

ಪ್ರೀತಿಯ ಪುಟ್ಟಿ,

ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಮತ್ತೆ ಈ ಕಾಗದ ಯಾಕೆ ಅಂದುಕೊಳ್ಳಬೇಡ. ಒಂದು ವಿಷಯ ಫೋನಿನಲ್ಲಿ ಹೇಳಲು ಆಗುತ್ತಿಲ್ಲ. ಮೂರು ಸಲ ಬಾಯಿವರೆಗೆ ಬಂತು, ನುಂಗಿಕೊಂಡೆ. ನಾಲ್ಕನೇ ಕ್ಲಾಸಿನವರೆಗೆ ನೀನು ಶಿವಮೊಗ್ಗದಲ್ಲಿ ಓದಿದ್ದು ಈಗ ಉಪಯೋಗಕ್ಕೆ ಬಂತು. ನಿಧಾನವಾಗಿ ಓದು.

ಹದಿನಾಲ್ಕು ಮೊಟ್ಟೆಯಲ್ಲಿ ಹದಿಮೂರು ಹಾವಿನ ಮರಿ ಆಚೆ ಬಂದವು ಅಂದಾಗ ನೀನು ಖುಷಿಯಿಂದ ಕಿರುಚಿದೆ. ಉಳಿದ ಒಂದು ಯಾಕೆ ಬರಲಿಲ್ಲ ಅಂತ ಕೇಳಲೇ ಇಲ್ಲ. "ಒಂದೆರಡು ಹೋಗೋದು ಸಹಜ ಅಮ್ಮಾ" ಅಂದೆ. ಆ ಒಂದರ ಬಗ್ಗೆಯೇ ಈ ಕಾಗದ.

ನಿನ್ನ ಸಾಕುಹಾವು ಸುಬ್ಬಿಗೆ ಜೋಡಿ ಮಾಡಿಸುತ್ತೇನೆ ಅಂದಾಗ ನಾನು ಬೇಡ ಅಂದಿದ್ದೆ, ನೆನಪಿದೆಯಾ? ನೀನು ಲೆಕ್ಕ ಒಪ್ಪಿಸಿದೆ. ಮೂರು ವರ್ಷ, ಮೂರು ಅಡಿ, 300 ಗ್ರಾಂ. ಅಷ್ಟಾಗುವ ತನಕ ಹೆಣ್ಣು ಕಾರ್ನ್ ಸ್ನೇಕನ್ನು ಗಂಡಿನ ಜೊತೆ ಬಿಡಬಾರದು, ನಮ್ಮ ಸುಬ್ಬಿ ಎಲ್ಲ ದಾಟಿದ್ದಾಳೆ ಅಂದೆ. ಮನಸ್ಸಿಲ್ಲದೆ ನಾನು ಹೂಂ ಅಂದೆ. ಆಮೇಲೆ ಬೇಸ್‌ಮೆಂಟಿಗೆ ಇಳಿಯುವುದನ್ನೇ ಬಿಟ್ಟೆ. ಜೂನ್ 20ರ ಬೆಳಿಗ್ಗೆ ನೀನೇ ಕೈ ಹಿಡಿದು ಎಳೆದುಕೊಂಡು ಹೋದೆ. ಒದ್ದೆ ಪಾಚಿ ತುಂಬಿದ ಡಬ್ಬದಲ್ಲಿ ಹದಿನಾರು ಮೊಟ್ಟೆ, ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಎರಡು ಮಾತ್ರ ಸಣ್ಣವು, ಮೇಣದ ತುಂಡಿನ ಹಾಗೆ ಹಳದಿ. ಅವು ಜೊಳ್ಳು ಅಂತ ಹೇಳಲು ನನಗೆ ಯಾರೂ ಕಲಿಸಬೇಕಿರಲಿಲ್ಲ. ಕೋಳಿ ಕಾವಿಗೆ ಕೂರಿಸುವ ಮನೆಯಲ್ಲಿ ಬೆಳೆದವಳು ನಾನು.

ಆ ಕೋಳಿ ಬುದ್ಧಿಯೇ ಆಮೇಲೆ ತಪ್ಪು ಮಾಡಿಸಿತು.

ನೀನು ಪೆನ್ಸಿಲಿನಿಂದ ಪ್ರತಿ ಮೊಟ್ಟೆಯ ನೆತ್ತಿಗೆ ಒಂದೊಂದು ಚುಕ್ಕೆ ಇಟ್ಟೆ. ಯಾಕೆ ಅಂತ ಕೇಳಿದ್ದಕ್ಕೆ, ಈ ಚುಕ್ಕೆ ಯಾವಾಗಲೂ ಮೇಲೆಯೇ ಇರಬೇಕು, ಹೊರಳಿಸಿದರೆ ಒಳಗಿನ ಜೀವ ಸಾಯಬಹುದು ಅಂದೆ. ನನಗೆ ನಂಬಲಿಕ್ಕೆ ಆಗಲಿಲ್ಲ. ನಮ್ಮ ತೀರ್ಥಹಳ್ಳಿ ಮನೆಯ ಕೋಳಿ ದಿನಕ್ಕೆ ಎಷ್ಟೋ ಸಲ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತಿತ್ತು. ಹೊರಳಿಸದಿದ್ದರೆ ಮರಿ ಸಿಪ್ಪೆಗೆ ಅಂಟಿಕೊಳ್ಳುತ್ತದೆ ಅನ್ನುತ್ತಿದ್ದಳು ನಿನ್ನಜ್ಜಿ. ಹಾವಿನದ್ದು ಉಲ್ಟಾ. ಅದು ಮೊದಲೇ ಮೇಲ್ಗಡೆ ಸಿಪ್ಪೆಯ ಹತ್ತಿರ ಅಂಟಿಕೊಂಡು ಬೆಳೆಯುತ್ತದಂತೆ. ನೀನು ವರ್ಮಿಕ್ಯುಲೈಟ್ ಅನ್ನುವ, ತೇವ ಹಿಡಿದಿಡುವ ಖನಿಜದ ಚೂರು ಮತ್ತು ನೀರು ತೂಕದಲ್ಲಿ ಸಮಸಮ ಕಲಸಿ, ಅದರಲ್ಲಿ ಅರ್ಧ ಹುದುಗಿಸಿಟ್ಟೆ. ಡಬ್ಬವನ್ನು ಥರ್ಮೋಕೋಲ್ ಪೆಟ್ಟಿಗೆಯೊಳಗೆ ಇಟ್ಟು ಥರ್ಮೋಸ್ಟಾಟನ್ನು 82 ಡಿಗ್ರಿ ಫ್ಯಾರನ್‌ಹೀಟ್‌ಗೆ ತಿರುಗಿಸಿದೆ. ಊರಿನ ಲೆಕ್ಕದಲ್ಲಿ 28.

ಒಂದು ವಾರದ ಮೇಲೆ ದೀಪ ಆರಿಸಿ, ಮೊಟ್ಟೆಯನ್ನು ಕದಲಿಸದೆ, ಫೋನಿನ ಟಾರ್ಚನ್ನು ಪಕ್ಕಕ್ಕೆ ಹಿಡಿದೆಯಲ್ಲ, ಅವತ್ತು ನನ್ನ ಮನಸ್ಸು ತಿರುಗಿತು. ಮೊಟ್ಟೆಯೊಳಗೆ ಕಿತ್ತಳೆ ಬೆಳಕು. ಅದರ ತುಂಬ ಎಲೆಯ ನರಗಳ ಹಾಗೆ ಸಣ್ಣ ಸಣ್ಣ ಕೆಂಪು ಗೆರೆ. ನಿನ್ನ ಮೊದಲ ಸ್ಕ್ಯಾನಿಂಗ್ ದಿನ ನೆನಪಾಯಿತು. ಅವತ್ತಿನಿಂದ ರಾತ್ರಿ ಮಲಗುವ ಮುಂಚೆ ನಾನೂ ಹೋಗಿ ಥರ್ಮಾಮೀಟರ್ ನೋಡಿ ಬರುತ್ತಿದ್ದೆ. ನಿನಗೆ ಹೇಳಿರಲಿಲ್ಲ.

ನಾಗರಪಂಚಮಿ ಜುಲೈ 29ಕ್ಕೆ ಬಂತು. ಮೊಟ್ಟೆಗೆ ಮೂವತ್ತೊಂಬತ್ತನೇ ದಿನ. ಅಜ್ಜಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು: "ಕಾವು ಯಾರು ಕೊಡ್ತಾರೆ?" ಈ ಜಾತಿಯ ತಾಯಿ ಮೊಟ್ಟೆ ಇಟ್ಟು ಹೋಗಿಬಿಡುತ್ತದೆ ಅಂದೆ. ಅಜ್ಜಿಗೆ ಅದು ಸರಿಬರಲಿಲ್ಲ. "ಆಗುಂಬೆ ಕಡೆ ಕಾಳಿಂಗ ಸಹ ತರಗೆಲೆ ಗುಡ್ಡೆ ಮಾಡಿ ಮೊಟ್ಟೆ ಕಾಯುತ್ತೆ. ತಾಯಿ ಕಾಯದಿದ್ದರೆ ನೀನು ಕಾಯಿ" ಅಂದಳು. ಅವತ್ತು ಮನೆಯಲ್ಲಿ ಏನೂ ಹೆಚ್ಚಲಿಲ್ಲ, ಕರಿಯಲಿಲ್ಲ. ಅರಿಶಿನ ಎಲೆ ಸಿಗದೆ ಬಾಳೆ ಎಲೆಯಲ್ಲೇ ಕಡುಬು ಮಾಡಿದೆ. ನೀನು ಎಂಟು ತಿಂದೆ.

ಆಗಸ್ಟ್ 14ಕ್ಕೆ ನಿನ್ನನ್ನು ಕಾಲೇಜಿಗೆ ಬಿಟ್ಟು ಬಂದೆವು. ಮರುದಿನ ರಾತ್ರಿ ಕೆಳಗೆ ಹೋದೆ. ಮುಚ್ಚಳ ತೆಗೆದು ನೋಡಿದರೆ ಐದಾರು ಮೊಟ್ಟೆ ತಗ್ಗಾಗಿವೆ. ಹಿಂದಿನ ದಿನದವರೆಗೆ ತುಂಬಿಕೊಂಡಿದ್ದವು ಈಗ ಒಣಗಿದ ನಿಂಬೆಹಣ್ಣಿನ ಹಾಗೆ ಒಳಕ್ಕೆ ಸೇದಿಕೊಂಡಿವೆ. ನನ್ನ ಎದೆ ಧಸಕ್ ಅಂತು. ನೀನು ಹೋದ ಮರುದಿನವೇ ಎಲ್ಲ ಒಣಗಿಸಿಬಿಟ್ಟೆನಾ ಅಂತ. ಕೊನೆಯ ದಿನಗಳಲ್ಲಿ ಅಜ್ಜಿ ಕೋಳಿ ಮೊಟ್ಟೆಗಳ ಮೇಲೆ ಬೆಚ್ಚಗಿನ ನೀರು ಚಿಮುಕಿಸುತ್ತಿದ್ದದ್ದು ನೆನಪಾಯಿತು. ಕರಿಬೇವಿನ ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿಸಿ ಮೊಟ್ಟೆಗಳ ಮೇಲೆಯೇ ಹೊಡೆದೆ. ಸ್ವಲ್ಪ ಅಲ್ಲ ಪುಟ್ಟಿ, ಜಾಸ್ತಿ. ಮುಚ್ಚಳದ ಮೇಲೆ ನೀನು ಅಂಟಿಸಿದ ಚೀಟಿಯಲ್ಲಿ ಎರಡನೇ ಸಾಲೇ "ಮೊಟ್ಟೆ ಮೇಲೆ ನೀರು ಹಾಕಬೇಡ" ಅಂತ ಇತ್ತು. ಅದನ್ನು ನಾನು ದಿನಾ ಓದುತ್ತಿದ್ದೆ. ಆ ಹೊತ್ತಿಗೆ ಕಣ್ಣಿಗೆ ಬೀಳಲಿಲ್ಲ.

ಬೆಳಿಗ್ಗೆ ನಾಲ್ಕಕ್ಕೇ ಎಚ್ಚರ ಆಯಿತು. ಕೂತು ಓದಿದೆ. ಮರಿ ಆಚೆ ಬರುವ ದಿನ ಹತ್ತಿರ ಬಂದಾಗ ಮೊಟ್ಟೆ ಹೀಗೆ ತಗ್ಗಾಗುವುದು ಮಾಮೂಲು. ಸಿಪ್ಪೆಯ ಮೂಲಕವೇ ಒಳಗಿನ ಮರಿ ಉಸಿರಾಡುತ್ತದೆ, ಮೇಲೆ ನೀರು ನಿಂತರೆ ಗಾಳಿ ಹೋಗುವುದಿಲ್ಲ. ಓಡಿಹೋಗಿ ಟಿಶ್ಯೂ ಪೇಪರಿನಿಂದ ಒಂದೊಂದನ್ನೇ ಒತ್ತಿ ಒರೆಸಿದೆ, ಚುಕ್ಕೆ ಕದಲದ ಹಾಗೆ. ಅಡಿಯಲ್ಲಿ ನಿಂತ ನೀರನ್ನೂ ಹೀರಿಸಿದೆ. ಗೊಂಚಲಿನ ಅಂಚಿನಲ್ಲಿ, ಕೆಳಗೆ, ಒಂದು ಮೊಟ್ಟೆಯ ಸಂದಿಗೆ ನನ್ನ ಬೆರಳು ಹೋಗಲಿಲ್ಲ.

19ನೇ ತಾರೀಕು, ಸರಿಯಾಗಿ ಅರವತ್ತನೇ ದಿನ, ಬೆಳಿಗ್ಗೆ ಐದೂವರೆಗೆ ಮೊದಲ ಮೊಟ್ಟೆ ಸೀಳಿತ್ತು. ವಿಡಿಯೋದಲ್ಲಿ ನೀನು ನೋಡಿದ್ದು ಆಮೇಲಿನದ್ದು. ಅದಕ್ಕೆ ಮುಂಚೆ ನಾನು ಕಂಡದ್ದನ್ನು ಬರೆಯಲೇಬೇಕು. ಬ್ಲೇಡಿನಿಂದ ಎಳೆದ ಹಾಗೆ ಒಂದು ಸಣ್ಣ ಗೆರೆ, ಅದರ ತುದಿಯಲ್ಲಿ ಒಂದು ಹನಿ ಗಂಜಿತಿಳಿಯಂಥ ನೀರು. ಅದು ಉಬ್ಬಿತು, ಒಡೆಯಿತು, ಇನ್ನೊಂದು ಹನಿ ಬಂತು. ಒಳಗೆ ಏನೋ ಉಸಿರು ಬಿಡುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಕಿರುಬೆರಳಿನ ಉಗುರಿನಷ್ಟು ಮೂತಿ ಕಂಡಿತು. ನನ್ನನ್ನು ನೋಡಿತು, ವಾಪಸ್ ಒಳಗೆ ಹೋಯಿತು. ಇಡೀ ದಿನ ಹಾಗೇ. ಹಳದಿ ಪೂರ್ತಿ ಹೀರಿಕೊಳ್ಳುವ ತನಕ ಅದು ಬರುವುದಿಲ್ಲ, ಎಳೆಯಬೇಡ ಅಂತ ನೀನು ಹೇಳಿದ್ದನ್ನು ಈ ಸಲ ಪಾಲಿಸಿದೆ. ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ.

22ರ ರಾತ್ರಿಯ ಹೊತ್ತಿಗೆ ಹದಿಮೂರೂ ಆಚೆ. ಆರು ಸುಬ್ಬಿಯ ಹಾಗೆ ಕಂದು-ಕೆಂಪು, ಏಳು ಅಪ್ಪ ಹಾವಿನ ಹಾಗೆ ಕಿತ್ತಳೆ ಬಣ್ಣ, ಕೆಂಪು ಕಣ್ಣು. ಉಳಿದದ್ದು ಆ ಅಂಚಿನ ಮೊಟ್ಟೆ. ಮೂರು ದಿನ ಕಾದೆ. 25ಕ್ಕೆ ವಾಸನೆ ಬಂತು. ಸಣ್ಣ ಕತ್ತರಿಯಿಂದ ಬಿಡಿಸಿದೆ. ಪೂರ್ತಿ ಬೆಳೆದಿತ್ತು. ಕಿತ್ತಳೆ ಬಣ್ಣ, ಬೆನ್ನ ಮೇಲಿನ ಪಟ್ಟೆ ಎಲ್ಲ ಸರಿಯಾಗಿತ್ತು. ಸಿಪ್ಪೆಗೆ ಒಂದು ಗೀರೂ ಬಿದ್ದಿರಲಿಲ್ಲ.

ನನ್ನ ನೀರಿನಿಂದಲೇ ಹೀಗಾಯಿತಾ ಅಂತ ಹೇಳಲಿಕ್ಕೆ ಆಗುವುದಿಲ್ಲ. ಪೂರ್ತಿ ಬೆಳೆದ ಮರಿಯೂ ಒಮ್ಮೊಮ್ಮೆ ಕಾರಣ ಗೊತ್ತಾಗದೆ ಒಳಗೇ ಸಾಯುವುದುಂಟು. ಆದರೆ ನೀರು ಹಾಕಿದ್ದು ನಾನು, ಅದು ನಿನಗೆ ಗೊತ್ತಿರಬೇಕು. ನಿನ್ನ ನೋಟ್‌ಬುಕ್ಕಿನಲ್ಲಿ "14: ಬರಲಿಲ್ಲ" ಅಂತ ಬರೆದಿದ್ದೀಯಲ್ಲ, ಅದರ ಪಕ್ಕ ಆಗಸ್ಟ್ 15ರ ವಿಷಯ ಬರೆದುಕೋ. ಮುಂದೆ ನಿನಗೇ ಬೇಕಾಗುತ್ತದೆ.

ಹಿತ್ತಲಿನ ಮೇಪಲ್ ಮರದ ಕೆಳಗೆ ಹೂಳಿದೆ. ಊರಲ್ಲಿ ಸತ್ತ ನಾಗರಹಾವು ಕಂಡರೆ ಸಂಸ್ಕಾರ ಮಾಡದೆ ಬಿಡುವುದಿಲ್ಲ. ಇದು ನಾಗರ ಅಲ್ಲ ಅಂತ ಗೊತ್ತು, ಆದರೂ ಚೂರು ಅರಿಶಿನ ಹಾಕಿ ಮಣ್ಣು ಮುಚ್ಚಿದೆ. ಅಪ್ಪ ಪಕ್ಕದಲ್ಲೇ ನಿಂತಿದ್ದರು, ಏನೂ ಕೇಳಲಿಲ್ಲ.

ಇನ್ನೊಂದು ಮಾತು. ಮುಂದಿನ ವರ್ಷ ಮತ್ತೆ ಜೋಡಿ ಮಾಡಿಸೋಣ ಅಂದೆಯಲ್ಲ, ನಾನು ಒಪ್ಪುವುದಿಲ್ಲ. ಸುಬ್ಬಿ ಮೊಟ್ಟೆ ಇಟ್ಟ ಮೇಲೆ ಎಷ್ಟು ಸೊರಗಿದ್ದಳು ಅಂತ ನೀನೇ ನೋಡಿದ್ದೀಯ. ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಈಗಷ್ಟೇ ಮೈ ತುಂಬುತ್ತಿದ್ದಾಳೆ. ಮತ್ತೆ ಈ ಹದಿಮೂರು ಇವೆ. ಒಂದೊಂದೂ ಹದಿನೈದು ಇಪ್ಪತ್ತು ವರ್ಷ ಬದುಕುವ ಜೀವ. ಇವತ್ತಿನ ಮರಿ ಇನ್ನೂ ಬದುಕಿರುವಾಗಲೇ ನಿನಗೆ ಮೂವತ್ತೆಂಟು ಆಗಬಹುದು. ಅಕ್ಟೋಬರದಲ್ಲಿ ಎಲ್ಲ ಮಾರಿಬಿಡುತ್ತೇನೆ ಅಂತ ಅವಸರ ಮಾಡಬೇಡ. ನಾಲ್ಕೈದು ಸಲ ಬಿಡದೆ ತಿಂದ ಮೇಲೆ, ತೆಗೆದುಕೊಳ್ಳುವವರ ಹತ್ತಿರ ಪೆಟ್ಟಿಗೆ, ಥರ್ಮೋಸ್ಟಾಟ್ ಎಲ್ಲ ಇದೆ ಅಂತ ಕೇಳಿ ನೋಡಿದ ಮೇಲೆ ಕೊಡು. ಊರಲ್ಲಾದರೆ 1972ರ ವನ್ಯಜೀವಿ ಕಾಯ್ದೆ ಇದೆ, ತೋಟದ ಕೇರೆ ಹಾವನ್ನೂ ತಂದು ಸಾಕುವಂತಿಲ್ಲ. ಇಲ್ಲಿ ಸಾಕಬಹುದು, ಮಾರಲೂಬಹುದು. ಆದರೆ ಯಾರ ಕೈಗೆ ಕೊಡಬೇಕು ಅಂತ ನಾವೇ ಯೋಚಿಸಬೇಕು. ಮನೆ ಸಿಗದವು ಇಲ್ಲೇ ಇರಲಿ. ನಾನು ನೋಡಿಕೊಳ್ಳುತ್ತೇನೆ.

ಎಲ್ಲವೂ ಮೊದಲ ಪೊರೆ ಬಿಟ್ಟಿವೆ. ನೀನು ಹೇಳಿದ ಹಾಗೆ ಬೇರೆ ಬೇರೆ ಡಬ್ಬದಲ್ಲೇ ಇಟ್ಟಿದ್ದೇನೆ. ಬುಧವಾರ ಮೊದಲ ಊಟ ಕೊಟ್ಟೆ. ಫ್ರೀಜರಿನ ಇಲಿಮರಿಯನ್ನು ಬಿಸಿನೀರಲ್ಲಿ ಇಟ್ಟು, ಒರೆಸಿ, ಚಿಮಟದಲ್ಲಿ ಹಿಡಿದು. ಮೊದಲನೆಯದಕ್ಕೆ ಕೈ ನಡುಗಿತು, ಆಮೇಲೆ ಇಲ್ಲ. ಒಂಬತ್ತು ತಿಂದವು. 2, 6, 7, 11 ಮುಟ್ಟಲಿಲ್ಲ. ಐದು ದಿನ ಬಿಟ್ಟು ಮತ್ತೆ ಕೊಡಲಾ? 6 ತುಂಬ ಸಣ್ಣದು, ಅದರದ್ದೇ ಯೋಚನೆ.

ಕವರಿನಲ್ಲಿ ಟಿಶ್ಯೂ ಮಧ್ಯೆ ಅದರ ಪೊರೆ ಇಟ್ಟಿದ್ದೇನೆ. ಕಣ್ಣಿನ ಜಾಗದಲ್ಲಿ ಎರಡು ಪುಟ್ಟ ಗುಂಡು ಗಾಜಿನ ಹಾಗೆ ಕಾಣುತ್ತದೆ, ಬೆಳಕಿಗೆ ಹಿಡಿದು ನೋಡು. ನಿಧಾನ ಬಿಡಿಸು, ಹರಿದುಹೋಗುತ್ತದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆದುಕೋ.

ನಿನ್ನ
ಅಮ್ಮ