ಫಸ್ಟ್ ಬ್ಯಾಚ್ ಮುಗೀತು, ಥ್ಯಾಂಕ್ಸ್ ಹೇಳೋದಿದೆ

ಹೋದ ವಾರ ರಿಸಲ್ಟ್ ಬಂತು. ನಮ್ಮ ಯೂನಿವರ್ಸಿಟಿಯ ಸೈನ್ ಲ್ಯಾಂಗ್ವೇಜ್ ಇಂಟರ್ಪ್ರಿಟರ್ ಡಿಪ್ಲೊಮಾ, ಮೊದಲನೇ ಬ್ಯಾಚು, 11 ಜನ ಸೇರಿದ್ರು, 11 ಜನಾನೂ ಪಾಸು. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಡೆಫ್ ವಕೀಲೆ ಸಾರಾ ಸನ್ನಿ ಇಂಟರ್ಪ್ರಿಟರ್ ಜೊತೆ ಸುಪ್ರೀಂ ಕೋರ್ಟ್ ಮುಂದೆ ಹಾಜರಾದ ಸುದ್ದಿ ಬಂದಾಗ ಈ ಮಕ್ಕಳಿಗೆ ಇನ್ನೂ ಬೆರಳಲ್ಲಿ ತಮ್ಮ ಹೆಸರು ಬಿಡಿಸೋಕೂ ಬರ್ತಿರ್ಲಿಲ್ಲ. ಈಗ ಅವ್ರೇ ಇಂಟರ್ಪ್ರಿಟರ್‌ಗಳು. ಕೋಆರ್ಡಿನೇಟರ್ ಅಂತ ನನ್ನ ಹೆಸರು ಬೋರ್ಡಲ್ಲಿದೆ, ಆದ್ರೆ ಇದು ಒಬ್ಬಳ ಕೈಲಿ ಆಗಿದ್ದಲ್ಲ.

ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ಫೈಲ್ ಹಿಡ್ಕೊಂಡು ಓಡಾಡಿದ ಆಫೀಸ್‌ನವ್ರು, ಕ್ಯಾಮೆರಾ ಕೊಟ್ಟ ಜರ್ನಲಿಸಂ ಡಿಪಾರ್ಟ್‌ಮೆಂಟು, ಪ್ರತಿ ಶನಿವಾರ ಮಕ್ಕಳ ಪ್ರಾಕ್ಟೀಸ್‌ಗೆ ಅಂತಾನೇ ಬಂದು ಕೂರ್ತಿದ್ದ ಡೆಫ್ ಸ್ನೇಹಿತರು, ರಾತ್ರಿ ಎಷ್ಟೊತ್ತಾದ್ರೂ ಊಟ ಮುಚ್ಚಿಟ್ಟು ಕಾಯ್ತಿದ್ದ ಅತ್ತೆ, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಇನ್ನು ನಮ್ಮ ಸರ್. ನಮಗೆ ಐಎಸ್‌ಎಲ್, ಅಂದ್ರೆ ಇಂಡಿಯನ್ ಸೈನ್ ಲ್ಯಾಂಗ್ವೇಜ್, ಕಲಿಸೋ ಡೆಫ್ ಟೀಚರ್, ನೀವೆಲ್ಲಾ ನೋಡಿರ್ತೀರ.

ನಮ್ಮ ಬ್ಯಾಚ್‌ನ ಒಬ್ಬ ಹುಡುಗಿಗೆ ಆಕ್ಸಿಡೆಂಟ್ ಆಗಿತ್ತು. ಹೇಗಾಯ್ತು, ಏನಾಯ್ತು ಅದೆಲ್ಲಾ ಇಲ್ಲಿ ಬರೆಯಲ್ಲ. ಆ ಹುಡುಗಿ ಐಸಿಯುನಲ್ಲಿದ್ಲು, ರಾತ್ರಿ ಹತ್ತಕ್ಕೆ ಊರಿಂದ ಅವಳ ಅಪ್ಪ ಅಮ್ಮ ಬಂದ್ರು, ಇಬ್ರೂ ಡೆಫ್, ಇಬ್ರೂ ಶಾಲೆ ಮೆಟ್ಟಿಲು ಹತ್ತಿದವ್ರಲ್ಲ. ಅವ್ರಿಗೆ ಚಿಕ್ಕಂದಿನಿಂದ ಇಂಟರ್ಪ್ರಿಟರ್ ಆಗಿದ್ದೋಳು ಮಗಳೇ. ಅವಳೇ ಒಳಗೆ ಮಲಗಿದ್ಲು. ಆಸ್ಪತ್ರೆಯವ್ರು ಜೋರಾಗಿ ಕೂಗಿ ಹೇಳ್ತಿದ್ರು, ಕೂಗಿದ್ರೆ ಕೇಳುತ್ತೆ ಅನ್ನೋ ಹಾಗೆ. ನಾನು ಮುಂದೆ ಹೋಗಿ ಐಎಸ್‌ಎಲ್‌ನಲ್ಲಿ ಸೈನ್ ಮಾಡಿದೆ, ಆ ತಾಯಿ ನನ್ನ ಕೈ ನೋಡಿದ್ರು, ಮುಖ ನೋಡಿದ್ರು, ಏನೂ ಅರ್ಥ ಆಗ್ಲಿಲ್ಲ. ಐಎಸ್‌ಎಲ್ ಡಿಕ್ಷನರಿಯಲ್ಲಿ 10,000ಕ್ಕೂ ಹೆಚ್ಚು ಪದ ಇದೆ, ಅವ್ರು ಮನೇಲಿ ತಾವೇ ಮಾಡ್ಕೊಂಡ ಸನ್ನೆ ಅದ್ರಲ್ಲಿಲ್ಲ. ಸರ್‌ಗೆ ಒಂದು ಮೆಸೇಜ್ ಹಾಕ್ದೆ. ಕೆಂಗೇರಿಯಿಂದ ಸಿಕ್ಕಿದ ಬಸ್ ಹತ್ತಿ ಬಂದ್ರು.

ಬಂದವ್ರು ಮೊದಲು ಏನೂ ಹೇಳ್ಲಿಲ್ಲ, ಕೇಳಿದ್ರು. ಮಗಳನ್ನ ಮನೇಲಿ ಹೇಗೆ ಕರೀತೀರ ಅಂತ. ತಾಯಿ ಎರಡು ಜಡೆ ಎಳೆದ ಹಾಗೆ ಕಿವಿ ಹತ್ರ ಕೈ ಇಳಿಸಿದ್ರು. ಅಲ್ಲಿಂದ ಸರ್ ಪ್ರತಿ ಮಾತಿಗೂ ಅದನ್ನೇ ಬಳಸಿದ್ರು. ಡಾಕ್ಟರ್ 24 ಗಂಟೆ ಕಾಯ್ಬೇಕು ಅಂದ್ರು, ನಾನು ಅದನ್ನ ಸರ್‌ಗೆ ಸೈನ್ ಮಾಡ್ದೆ, ಸರ್ ತೋಳನ್ನೇ ಆಕಾಶ ಮಾಡಿ ಸೂರ್ಯ ಹುಟ್ಟಿ, ಮುಳುಗಿ, ಮತ್ತೆ ಹುಟ್ಟೋದನ್ನ ತೋರಿಸಿ, ಎರಡು ಜಡೆ ಎಳೆದು, ಖಾಲಿ ಅಂಗೈ ಚಾಚಿದ್ರು. ಅಲ್ಲಿವರೆಗೂ ಗೊತ್ತಾಗಲ್ಲ ಅಂತ. ತಾಯಿ ತಲೆ ಆಡಿಸಿದ್ರು. ಅರ್ಥ ಆಯ್ತು. ನಾನು ಮೆಟ್ಟಿಲ ಹತ್ರ ಹೋಗಿ ಅತ್ತುಬಿಟ್ಟೆ, ಯಾಕಂದ್ರೆ ಅಲ್ಲಿವರೆಗೆ ಆ ಅಮ್ಮಂಗೆ ಮಗಳು ಬದುಕಿದಾಳೋ ಇಲ್ವೋ ಅನ್ನೋದೇ ಗೊತ್ತಿರ್ಲಿಲ್ಲ.

ಹನ್ನೆರಡಕ್ಕೆ ಕಾರಿಡಾರ್ ಲೈಟ್ ಆರಿಸಿದ್ರು. ಕತ್ತಲಾದ್ರೆ ಮಾತೇ ನಿಂತ ಹಾಗೆ. ಸರ್ ತಮ್ಮ ಫೋನ್ ಟಾರ್ಚ್ ಆನ್ ಮಾಡಿ ನನ್ನ ಕೈಗೆ ಕೊಟ್ರು, ಅವ್ರಿಗೆ ಎರಡೂ ಕೈ ಬೇಕಲ್ಲ. ಕ್ಲಾಸಲ್ಲಿ ನಾವು ಇಬ್ಬಿಬ್ರು ಇರ್ಬೇಕು, 20 ನಿಮಿಷಕ್ಕೊಮ್ಮೆ ಬದಲಾಗ್ಬೇಕು, ಇಲ್ಲಾಂದ್ರೆ ತಪ್ಪುಗಳಾಗ್ತವೆ ಅಂತ ಹೇಳಿಕೊಡ್ತೀವಿ. ಆವತ್ತು ಬದಲಿಗೆ ಯಾರೂ ಇರ್ಲಿಲ್ಲ, ಬೆಳಗಿನ ಜಾವ ನಾಲ್ಕರವರೆಗೂ ಅವ್ರೊಬ್ರೇ, ನಾನು ಬೆಳಕು ಹಿಡ್ಕೊಂಡು ನಿಂತಿದ್ದೆ. ಮಧ್ಯೆ ಒಬ್ರು ನರ್ಸಮ್ಮ ಬಂದು ಕೇಳದೇನೇ ಕುರ್ಚಿ ಹಾಕಿ ಹೋದ್ರು, ಅವ್ರಿಗೂ ಥ್ಯಾಂಕ್ಸ್.

ಹುಡುಗಿ ಹುಷಾರಾಗಿ ಬಂದು ಎಕ್ಸಾಮ್ ಬರೆದ್ಲು. ಹೊಸ ಬ್ಯಾಚ್‌ನವ್ರನ್ನ ಒಂದು ವಾರ ಹಳ್ಳಿಗಳಿಗೆ, ಶಾಲೆಗೆ ಹೋಗದ ಡೆಫ್ ಹಿರಿಯರ ಮನೆಗಳಿಗೆ ಕರ್ಕೊಂಡು ಹೋಗ್ತಿದೀವಿ, ಅದು ಸರ್ ಹಠ ಹಿಡಿದು ಸೇರಿಸಿದ್ದು. ಪುಸ್ತಕದಲ್ಲಿ ಇಲ್ಲದ್ದನ್ನ ಅಲ್ಲೇ ಕಲೀಬೇಕು ಅಂತ ನನಗೂ ಈಗ ಖಂಡಿತಾ ಅನ್ಸುತ್ತೆ.

ಸರ್, ಇದನ್ನ ನೀವು ಓದ್ತೀರ ಅಂತ ಗೊತ್ತು. ಬರೆದಿದ್ದು ಸಾಲ್ತಿಲ್ಲ. ಸೋಮವಾರ ಬೇಗ ಬರ್ತೀನಿ, ಕೈಯಲ್ಲೇ ಹೇಳ್ತೀನಿ, ಸ್ಟಾಫ್ ರೂಮ್ ಲೈಟ್ ಹಾಕಿರಿ.