ಹುಡುಗಿಯರು ನೀರು ಕುಡಿಯುವುದನ್ನು ಬಿಟ್ಟಿದ್ದರು: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ.

ಕಳೆದ ತಿಂಗಳು ಬಿಸಿಯೂಟದ ಹೊತ್ತಿಗೆ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಆರು, ಏಳನೇ ತರಗತಿಯ ಹುಡುಗಿಯರ ನೀರಿನ ಬಾಟಲಿಗಳು ಬೆಳಿಗ್ಗೆ ಮನೆಯಿಂದ ತಂದ ಹಾಗೆಯೇ ತುಂಬಿದ್ದವು. ಒಬ್ಬಳೂ ನೀರು ಕುಡಿಯುತ್ತಿರಲಿಲ್ಲ. ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಅಲ್ಲಿಗೆ ಹೋಗಲು ಹೆದರಿಕೆ. "ಅಲ್ಲಿ ಯಾರೋ ಅಳತಾರ್ರೀ ಟೀಚರ್" ಅಂದಳು ಒಬ್ಬಳು. ಹಿಂದೆ ಬಾವಿಗೆ ಬಿದ್ದು ಸತ್ತ ಹೆಂಗಸಂತೆ. ಅಮಾವಾಸ್ಯೆಯಿಂದ ಶುರುವಾಗಿದೆಯಂತೆ. ನಾಲ್ಕೇ ದಿನದಲ್ಲಿ ಕತೆಗೆ ಕೈಕಾಲು ಮೂಡಿದ್ದವು. ನಮ್ಮ ಬಿಸಿಲು ನಿಮಗೆ ಗೊತ್ತಲ್ವಾ? ಆ ಬಿಸಿಲಿನಲ್ಲಿ ಮಕ್ಕಳು ಸಂಜೆಯವರೆಗೆ ಗಂಟಲು ಒಣಗಿಸಿಕೊಂಡು ಕೂತಿದ್ದರು. ನನಗೆ ಕರುಳು ಚುರ್ ಎಂದಿತು.

ನಾನು ಅವರನ್ನು ಬೈಯಲಿಲ್ಲ. ಸದ್ದು ಸುಳ್ಳಾಗಿರಲಿಲ್ಲ. ಮಧ್ಯಾಹ್ನ ನಾನೇ ಹೋಗಿ ನಳ ತಿರುಗಿಸಿದೆ. ಗೋಡೆಯ ಒಳಗಿಂದ ಯಾರೋ ನರಳಿದ ಹಾಗೆ ಕೇಳಿತು. ನನ್ನ ಮೈಯೂ ಜುಮ್ಮೆಂದಿತು.

ಆಳೆತ್ತರದ ಜೋಳದ ಹೊಲದಲ್ಲಿ ಹೋಗುವಾಗ ಕಾಲ ಬಳಿ ಸರ್ರನೆ ಸದ್ದಾದರೆ ನೀವೇನು ಮಾಡುತ್ತೀರಿ? ಮೊದಲು ಹಿಂದಕ್ಕೆ ಹಾರುತ್ತೀರಿ, ಆಮೇಲೆ ನೋಡುತ್ತೀರಿ. ಗಾಳಿಯನ್ನು ಹಾವು ಅಂದುಕೊಂಡರೆ ನಷ್ಟವೇನಿಲ್ಲ. ಹಾವನ್ನು ಗಾಳಿ ಅಂದುಕೊಂಡರೆ ಜೀವಕ್ಕೇ ಕುತ್ತು. ಹಾಗಾಗಿ ಸದ್ದು ಕೇಳಿದ ಕೂಡಲೇ ಮನಸ್ಸು 'ಏನದು' ಅನ್ನುವ ಮೊದಲು 'ಯಾರದು' ಅನ್ನುತ್ತದೆ. ದೆವ್ವದ ನಂಬಿಕೆಯ ಒಂದು ಬೇರು ಇಲ್ಲಿದೆ ಅಂತ ಮನಶ್ಶಾಸ್ತ್ರದ ಅನೇಕರು ಹೇಳುತ್ತಾರೆ. ಮಕ್ಕಳು ದಡ್ಡರೆಂದು ಹೆದರಲಿಲ್ಲ. ಮನುಷ್ಯರಾದ್ದರಿಂದ ಹೆದರಿದರು.

ಇನ್ನೊಂದು ಬೇರು, ನಮ್ಮ ಕೈಯಲ್ಲಿ ಏನೂ ಇಲ್ಲ ಅನ್ನಿಸುವುದು. 2008ರಲ್ಲಿ ಜೆನಿಫರ್ ವಿಟ್ಸನ್ ಮತ್ತು ಆಡಂ ಗ್ಯಾಲಿನ್ಸ್ಕಿ ಎಂಬ ಸಂಶೋಧಕರು ಕೆಲವು ಪ್ರಯೋಗ ಪ್ರಕಟಿಸಿದರು. ಪರಿಸ್ಥಿತಿ ತಮ್ಮ ಹಿಡಿತದಲ್ಲಿಲ್ಲ ಅನ್ನಿಸಿದ ಜನರಿಗೆ ಬರೀ ಚುಕ್ಕೆಗಳಿರುವ ಚಿತ್ರದಲ್ಲೂ ಇಲ್ಲದ ಆಕಾರ ಜಾಸ್ತಿ ಕಂಡಿತು. ಸಂಬಂಧವೇ ಇಲ್ಲದ ಘಟನೆಗಳ ಹಿಂದೆ ಸಂಚು ಕೂಡ ಜಾಸ್ತಿ ಕಂಡಿತು. ದೆವ್ವ ಮತ್ತು ಸಂಚು ಎರಡಕ್ಕೂ ಇದೇ ನೆಲ.

2021ರಲ್ಲಿ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಭೂಮಿ ಮತ್ತೆ ಮತ್ತೆ ನಡುಗಿದ್ದು ನೆನಪಿದೆಯಲ್ವಾ? ಅವು ಸಣ್ಣ ಭೂಕಂಪಗಳು. 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಾದ ದೊಡ್ಡ ಭೂಕಂಪವನ್ನು ಕಂಡ ಹಿರಿಯರಿಗೆ ನಿದ್ದೆ ಬರಲಿಲ್ಲ. ಮುಂದಿನದು ಯಾವ ದಿನ, ಎಷ್ಟು ಗಂಟೆಗೆ ಅಂತ ಹೇಳಲು ಯಾವ ವಿಜ್ಞಾನಿಗೂ ಬರುವುದಿಲ್ಲ. "ಇವತ್ತು ರಾತ್ರಿ 12ಕ್ಕೆ, ಮನೆಯಲ್ಲಿ ಮಲಗಬೇಡಿ" ಅಂತ ಫೋನಿಗೆ ಬಂದ ಮಾತು ಮಾತ್ರ ಖಚಿತವಾಗಿತ್ತು. ಹೆದರಿದವರಿಗೆ ಖಚಿತವಾದ ಸುಳ್ಳೇ ಹತ್ತಿರವಾಗುತ್ತದೆ. ನಾನೂ ಆ ರಾತ್ರಿ ಅಂಗಳದಲ್ಲೇ ಹಾಸಿಗೆ ಹಾಸಿದ್ದೆ.

ಮಳೆ ಕೈಕೊಟ್ಟ ವರ್ಷ ಗುರ್ಜಿ ಎಂಬ ಮಳೆಯ ದೇವರನ್ನು ಹೊತ್ತು ಹಾಡುತ್ತಾ ಬಂದವರಿಗೆ ನನ್ನ ಅವ್ವ ಕೊಡದಿಂದ ನೀರು ಸುರಿಯುತ್ತಿದ್ದಳು. ಅದನ್ನು ನಾನು ಆಡಿಕೊಳ್ಳುವುದಿಲ್ಲ. ಊರು ಒಟ್ಟಾಗಿ ಹಾಡಿದರೆ ಎದೆಗೆ ಧೈರ್ಯ ಬರುತ್ತದೆ, ಯಾರಿಗೂ ಕೇಡಿಲ್ಲ. ಆದರೆ ಜ್ವರದ ಮಗುವಿಗೆ ಗಾಳಿ ಬಡಿದಿದೆ ಅಂತ ತಾಯತ ಕಟ್ಟಿ ಮೂರು ದಿನ ಕಾಯುವುದು ಬೇರೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಮಗು ಗುಣವಾಗಲಿ ಅನ್ನುವ ಆಸೆಯಿಂದಲೇ ಹೂತಿದ್ದರು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಫೋನಿನ ವಿಷಯಕ್ಕೆ ಬರುತ್ತೇನೆ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜ ಅನ್ನಿಸತೊಡಗುತ್ತದೆ ಅಂತ 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಒಂದು ಸುಳ್ಳು ನಾಲ್ಕು ಗ್ರೂಪಿನಿಂದ ಬಂದರೆ ನಾಲ್ಕು ಸಾಕ್ಷಿ ಸಿಕ್ಕ ಹಾಗಾಗುತ್ತದೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಬಂದಾಗ ಅದರ ಹಿಂದೆ ಸಂಚಿದೆ ಅನ್ನುವ ಮೆಸೇಜ್ ಓಡಾಡಿದವು. ಲಸಿಕೆಯ ದಿನ ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡ ತಾಯಂದಿರಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬದುಕಿನಲ್ಲಿ ನಾಲ್ಕು ಸಲ ಮೋಸ ಹೋದವರಿಗೆ ಐದನೇ ಸಲ ಸಂಶಯ ಬರುವುದು ಸಹಜ. ಆದರೆ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ನೋಡಿ. ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ ಪರಊರಿನ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಹೊಡೆದವರಲ್ಲೂ ಮಕ್ಕಳಿದ್ದ ಅಪ್ಪಂದಿರು ಇದ್ದಿರಬೇಕು.

ಈಗ ನಮ್ಮ ನಳಕ್ಕೆ ಬರೋಣ. ಏಳನೇ ತರಗತಿಯವರಿಗೆ ಒಂದು ನೋಟ್‌ಬುಕ್ ಕೊಟ್ಟೆ. ಸದ್ದು ಬಂದಾಗ ಹೊತ್ತು ಬರೆಯಿರಿ ಅಂದೆ. ಎರಡು ದಿನ ಪುಟ ತುಂಬ 'ಬಂತು, ಬಂತು' ಅಂತಲೇ ಬರೆದರು. ಆಗ ಅವರ ಜೊತೆ ಒಂದು ಆಟ ಆಡಿದೆ. ಅದು 1960ರಲ್ಲಿ ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ ಮಾಡಿದ ಪ್ರಯೋಗ. 2, 4, 6 ಅಂತ ಬೋರ್ಡಿನ ಮೇಲೆ ಬರೆದು, ಇದರ ಹಿಂದಿನ ನಿಯಮ ಕಂಡುಹಿಡಿಯಿರಿ, ಬೇಕಾದಷ್ಟು ಸಂಖ್ಯೆ ಹೇಳಿ ಪರೀಕ್ಷಿಸಿ ಅಂದೆ. ಎಲ್ಲರೂ 8, 10, 12 ಅಂದರು, 20, 22, 24 ಅಂದರು. ಎಲ್ಲಕ್ಕೂ ಸರಿ ಅಂದೆ. 'ಎರಡೆರಡು ಕೂಡಿಸುವುದು' ಅಂತ ಕುಣಿದರು. ನಿಯಮ ಅದಲ್ಲ. ಸಂಖ್ಯೆ ಏರುತ್ತಾ ಹೋದರೆ ಸಾಕು. 1, 2, 50 ಕೂಡ ಸರಿ. ತಮ್ಮ ಊಹೆ ತಪ್ಪಾಗಬಹುದಾದ ಸಂಖ್ಯೆಯನ್ನು ಒಬ್ಬರೂ ಹೇಳಿ ನೋಡಿರಲಿಲ್ಲ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಹಂಗಾದ್ರ ಸದ್ದು ಬರದಾಗನೂ ಬರೀಬೇಕ್ರೀ" ಅಂದಳು. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ಸಂತೋಷವಾದ ದಿನ ಕಡಿಮೆ.

ಆಮೇಲೆ ಅವರು ಎರಡೂ ಬರೆದರು. ಟಾಕಿಯಲ್ಲಿ ನೀರು ಎಷ್ಟಿದೆ ಅಂತಲೂ ಬರೆದರು. ಟಾಕಿ ತುಂಬಿದ್ದಾಗ ಒಮ್ಮೆಯೂ ಸದ್ದಿಲ್ಲ. ಮಧ್ಯಾಹ್ನ ಖಾಲಿಯಾಗಿ ಪೈಪಿನಲ್ಲಿ ಗಾಳಿ ಸೇರಿದಾಗ ಮಾತ್ರ ಆ ನರಳಾಟ. ಈಗ ದಿನಕ್ಕೆ ಎರಡು ಸಲ ಟಾಕಿ ತುಂಬಿಸುತ್ತೇವೆ. ಬಾಟಲಿಗಳು ಖಾಲಿಯಾಗುತ್ತಿವೆ.

ಮನೆಯಲ್ಲಿ ಮಗು ಹೆದರಿ ಏನಾದರೂ ಹೇಳಿದರೆ ನಗಬೇಡಿ, 'ಸುಮ್ನಿರು' ಅನ್ನಬೇಡಿ. ಎಲ್ಲಿ, ಯಾವಾಗ ಅಂತ ಕೇಳಿ. ಆಗುವುದಾದರೆ ಕೈ ಹಿಡಿದು ಹೋಗಿ ಜೊತೆಯಲ್ಲೇ ನೋಡಿ. ಜ್ವರ, ಹಾವು ಕಡಿತ, ಲಸಿಕೆ ಅಂದರೆ ಮಾತ್ರ ಮೊದಲು ಆಸ್ಪತ್ರೆ. ದೇವರಿಗೆ ಹರಕೆ ಹೊರುವುದಾದರೆ ದಾರಿಯಲ್ಲೇ ಹೊತ್ತುಕೊಳ್ಳಿ.

ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ 11:30ಕ್ಕೆ ಮಕ್ಕಳು ತಮ್ಮ ನೋಟ್‌ಬುಕ್ ತೋರಿಸುತ್ತಾರೆ. ನಿಮ್ಮ ಫೋನಿಗೆ ಬಂದ, ನಿಮಗೇ ಸಂಶಯವಿರುವ ಒಂದು ಮೆಸೇಜ್ ತನ್ನಿ, ಒಟ್ಟಿಗೆ ನೋಡೋಣ. ಅಜ್ಜಿಯರನ್ನೂ ಕರೆದುಕೊಂಡು ಬನ್ನಿ. ಆ ಬಾವಿಯ ಹೆಂಗಸು ಯಾರು, ಆಕೆಗೆ ಏನು ಕಷ್ಟವಿತ್ತು ಅಂತ ಮಕ್ಕಳು ಈಗ ಕೇಳುತ್ತಿದ್ದಾರೆ. ನನಗೆ ಗೊತ್ತಿಲ್ಲ. ಗೊತ್ತಿದ್ದವರು ಬಂದು ಹೇಳಬೇಕು.

ನಿಮ್ಮ,
ಮುಖ್ಯೋಪಾಧ್ಯಾಯಿನಿ
ಸರಕಾರಿ ಹಿರಿಯ ಪ್ರಾಥಮಿಕ ಶಾಲೆ
ತಿಕೋಟಾ ತಾಲ್ಲೂಕು, ವಿಜಯಪುರ ಜಿಲ್ಲೆ