ಬಿಲ್ ಹಾಕುವಾಗ ಇನ್ನು ನಿಮ್ಮ ಫೋನ್ ನಂಬರ್ ಕೇಳುವುದಿಲ್ಲ

ನಮ್ಮ ಸಹಕಾರ ಸಂಘದ ಎಲ್ಲ ಸದಸ್ಯರಿಗೆ ಮತ್ತು ನಮ್ಮ ಅಂಗಡಿಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಮೂರು ಹಳೇ ಪದ್ಧತಿಗಳನ್ನು ಬಿಡುತ್ತಿದ್ದೇವೆ. ಬಿಲ್ ಹಾಕುವಾಗ ನಿಮ್ಮ ಮೊಬೈಲ್ ನಂಬರ್ ಕೇಳುವುದಿಲ್ಲ. ಹೊಸ ಸದಸ್ಯರಿಂದ ಆಧಾರ್ ಜೆರಾಕ್ಸ್ ತೆಗೆದುಕೊಳ್ಳುವುದಿಲ್ಲ. ವಿಳಾಸದ ಯಾವುದಾದರೂ ಒಂದು ದಾಖಲೆ ನೋಡಿ, ಅಲ್ಲೇ ವಾಪಸ್ ಕೊಡುತ್ತೇವೆ. ಉದ್ದರಿ ಬಾಕಿ ಇರುವವರ ಹೆಸರನ್ನು ವಾಟ್ಸಾಪ್ ಗುಂಪಿಗೆ ಹಾಕುವುದಿಲ್ಲ, ಬಾಗಿಲ ಪಕ್ಕದ ಬೋರ್ಡಿಗೂ ಅಂಟಿಸುವುದಿಲ್ಲ.

ಇದೆಲ್ಲ ಶುರುವಾಗಿದ್ದು ಒಂದು ಕಡಲೆಕಾಯಿ ಪೊಟ್ಟಣದಿಂದ. ನಮ್ಮ ಸದಸ್ಯೆಯೊಬ್ಬರು ಸಂತೆಯಲ್ಲಿ ಹುರಿದ ಕಡಲೆಕಾಯಿ ಕೊಂಡರು. ತಿಂದು ಮುಗಿಸಿ ಕಾಗದ ಬಿಡಿಸಿ ನೋಡಿದರೆ ಅದು ಯಾರದೋ ಆಧಾರ್ ಕಾರ್ಡಿನ ಜೆರಾಕ್ಸ್. ಒಂದು ಮೂಲೆ ಹರಿದಿತ್ತು, ಉಪ್ಪು ಅಂಟಿತ್ತು. ಆದರೆ ಹೆಸರು, ಹುಟ್ಟಿದ ತಾರೀಖು, ಮನೆ ನಂಬರ್, ಹನ್ನೆರಡೂ ಅಂಕಿ ಸ್ಪಷ್ಟವಾಗಿದ್ದವು. ಕೆಳಗೆ ನಮ್ಮ ಸಂಘದ ನೇರಳೆ ಸೀಲು. ಅವರು ಅದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟರು. ಬೈಯಲಿಲ್ಲ. "ನಂದೂ ಹಿಂಗೇ ಎಲ್ಲಾದ್ರೂ ಹೋಗಿದೆಯಾ?" ಅಂತ ಕೇಳಿದರು, ಅಷ್ಟೇ.

ದೀಪಾವಳಿಗೆ ಬೀರು ಸ್ವಚ್ಛ ಮಾಡುವಾಗ ಹಳೇ ಅರ್ಜಿಗಳ ಕಟ್ಟುಗಳನ್ನು ರದ್ದಿಗೆ ಹಾಕಿದ್ದೆವು. ತೂಕದ ಲೆಕ್ಕಕ್ಕೆ ಮಾರಿದ್ದೆವು. ಸುದ್ದಿ ತಿಳಿದ ದಿನವೇ ರದ್ದಿ ಅಂಗಡಿಗೆ ಹೋಗಿ ಸಿಕ್ಕಷ್ಟನ್ನು ಹುಡುಕಿ ತಂದೆವು. ಎಲ್ಲವೂ ಸಿಗಲಿಲ್ಲ. ಆ ಕಟ್ಟುಗಳಲ್ಲಿ ಯಾರ ಯಾರ ಅರ್ಜಿ ಇತ್ತೋ ಅವರಿಗೆಲ್ಲ ಹೇಳಿ ಕ್ಷಮೆ ಕೇಳಿದ್ದೇವೆ. ಈ ಪತ್ರದಲ್ಲೂ ಕೇಳುತ್ತೇನೆ. ತಪ್ಪು ನಮ್ಮದು.

ಆಮೇಲೆ ಆಡಳಿತ ಮಂಡಳಿಯವರು ಕೂತು ಜನರ ಮಾಹಿತಿ ಕಾಪಾಡುವ ಕಾನೂನು ಓದಿದೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ಆ ವರ್ಷದ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ. ನಮ್ಮಂಥ ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಗಡುವು, ಅಂದರೆ 2027ರ ಮೇವರೆಗೆ. ಅಷ್ಟು ಸಮಯ ಇದೆಯಲ್ಲ, ಈಗಲೇ ಯಾಕೆ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಆ ಉಪ್ಪು ಅಂಟಿದ ಕಾಗದ ಮೇಜಿನ ಮೇಲೇ ಇತ್ತು. ಕಾಯೋಣ ಅನ್ನಲು ಯಾರಿಗೂ ಮನಸ್ಸು ಬರಲಿಲ್ಲ.

ಈ ಕಾಯ್ದೆಯ ಬೇರು ಹುಡುಕಿಕೊಂಡು ಹೋದರೆ ನಮ್ಮ ರಾಜ್ಯದ ಒಬ್ಬ ಹಿರಿಯರು ಸಿಗುತ್ತಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಆಧಾರ್‌ಗೆ ಆಗಿನ್ನೂ ಸಂಸತ್ತಿನ ಕಾಯ್ದೆ ಇರಲಿಲ್ಲ. ಹಾಗಿದ್ದೂ ಜನರ ಬೆರಳಚ್ಚು ತೆಗೆದುಕೊಳ್ಳುತ್ತಿದ್ದರು. 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಅವರು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರ 1954 ಮತ್ತು 1962ರ ಹಳೇ ತೀರ್ಪುಗಳನ್ನು ಮುಂದಿಟ್ಟಿತು. 1954ರದ್ದು ಎಂಟು ನ್ಯಾಯಮೂರ್ತಿಗಳ ತೀರ್ಪು. ಅದನ್ನು ದಾಟಬೇಕಾದರೆ ಒಂಬತ್ತು ಜನ ಕೂರಬೇಕಿತ್ತು, ಕೂತರು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಂದೇ ಮಾತು ಹೇಳಿದರು: ಖಾಸಗಿತನ ಮೂಲಭೂತ ಹಕ್ಕು, ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನೊಳಗೇ ಅದು ಇದೆ. ಪುಟ್ಟಸ್ವಾಮಿಯವರು 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ತೀರ್ಪಿನ ನಂತರ ಬಂದಿದ್ದು, ಮಾಹಿತಿ ರಕ್ಷಣೆಯ ಕಾನೂನು ಹೇಗಿರಬೇಕು ಅಂತ ಹೇಳಲು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ ವರದಿ, ಹಲವು ಕರಡುಗಳು, ಕೊನೆಗೆ ಕಾಯ್ದೆ.

ಕಾಯ್ದೆ ತನ್ನ ಉದ್ದೇಶವನ್ನು ಮೊದಲ ಸಾಲಲ್ಲೇ ಹೇಳುತ್ತದೆ. ಮಾಹಿತಿ ಕಾಪಾಡಿಕೊಳ್ಳುವ ನಿಮ್ಮ ಹಕ್ಕನ್ನೂ ಒಪ್ಪುತ್ತದೆ, ಕಾನೂನುಬದ್ಧ ಕೆಲಸಕ್ಕೆ ಅದನ್ನು ಬಳಸಬೇಕಾದ ಅಗತ್ಯವನ್ನೂ ಒಪ್ಪುತ್ತದೆ. ಅಂದರೆ ಅಂಗಡಿ ಮುಚ್ಚಿ ಅನ್ನುವುದಿಲ್ಲ. ನನ್ನ ಮನಸ್ಸಿಗೆ ಹಿಡಿಸಿದ್ದು ಅದು ನಮಗೆ ಇಟ್ಟ ಹೆಸರು. ನಮ್ಮನ್ನು ಮಾಹಿತಿಯ ಮಾಲೀಕರು ಅಂತ ಕರೆಯುವುದಿಲ್ಲ, 'ಡೇಟಾ ಫಿಡ್ಯೂಷಿಯರಿ' ಅನ್ನುತ್ತದೆ. ನಂಬಿಕೆಯ ಮೇಲೆ ಇಟ್ಟುಕೊಂಡವರು ಅಂತ ಅರ್ಥ. ಊರಿಗೆ ಹೋಗುವಾಗ ಪಕ್ಕದ ಮನೆಯವರ ಕೈಗೆ ಒಡವೆ ಡಬ್ಬಿ ಕೊಟ್ಟು ಹೋಗುತ್ತೀರಿ ಅಲ್ವಾ? ಅವರು ಜೋಪಾನ ಮಾಡಬಹುದು. ಹಾಕಿಕೊಂಡು ಮದುವೆಗೆ ಹೋಗುವಂತಿಲ್ಲ. ನಾವು ಹಾಗೆ ಹೋಗಿದ್ದೆವು. ಬಿಲ್ಲಿಗೆ ಅಂತ ಪಡೆದ ನಂಬರಿಗೆ ಯುಗಾದಿ ರಿಯಾಯಿತಿಯ ಮೆಸೇಜ್ ಕಳಿಸಿದೆವು. ಸದಸ್ಯರೊಬ್ಬರು ಮಗಳ ಮದುವೆಗೆ ಕರೆಯಲು ನಂಬರ್ ಪಟ್ಟಿ ಕೇಳಿದರೆ ಒಳ್ಳೇ ಕೆಲಸಕ್ಕಲ್ವಾ ಅಂತ ಕೊಟ್ಟೆವು. ಕೊಡುವ ಹಕ್ಕು ನಮಗಿರಲಿಲ್ಲ.

ಹಾಗಾಗಿ ಇನ್ನು ಮುಂದೆ ಯಾವ ಮಾಹಿತಿ ಕೇಳಿದರೂ ಯಾವ ಕೆಲಸಕ್ಕೆ ಅಂತ ಒಂದು ಚೀಟಿಯಲ್ಲಿ ಬರೆದು ಕೊಡುತ್ತೇವೆ, ಕನ್ನಡದಲ್ಲೇ. ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಈ ಸೂಚನೆ ಓದುವ ಅವಕಾಶ ಜನರಿಗಿರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಒಪ್ಪಿಗೆ ನಿಮ್ಮ ಇಷ್ಟ. ಸುಮ್ನೆ ಇದ್ದರೆ ಒಪ್ಪಿದ ಹಾಗಲ್ಲ. ಒಪ್ಪಿದ್ದನ್ನು ಹಿಂದಕ್ಕೆ ಪಡೆಯುವುದೂ ಕೊಟ್ಟಷ್ಟೇ ಸುಲಭ ಇರಬೇಕು. ಕೌಂಟರಿನಲ್ಲಿ ಒಂದು ಮಾತು ಹೇಳಿದರೆ ಸಾಕು. ಹಳೇ ಸದಸ್ಯರಿಗೂ ಈ ಚೀಟಿ ಬರುತ್ತದೆ.

ಮನೆಗೆ ಸಾಮಾನು ತರಿಸುವವರಿಂದ ಮಾತ್ರ ನಂಬರ್ ಬೇಕಾಗುತ್ತದೆ. ಇಲ್ಲೂ ಒಂದು ಬದಲಾವಣೆ ಇದೆ. ಕೌಂಟರಿನಲ್ಲಿ ಜೋರಾಗಿ ನಂಬರ್ ಹೇಳಿದ್ದನ್ನು ಹಿಂದೆ ನಿಂತವರು ಯಾರೋ ಕೇಳಿಸಿಕೊಂಡು, ರಾತ್ರಿ ಮೆಸೇಜ್ ಮಾಡಲು ಶುರು ಮಾಡಿದ್ದರು ಅಂತ ಒಬ್ಬ ಹೆಣ್ಣುಮಗಳು ನನಗೆ ಹೇಳಿದರು. ಅವರು ಅಂಗಡಿಗೆ ಬರುವುದನ್ನೇ ಬಿಟ್ಟಿದ್ದರು. ಈಗ ನೀವೇ ಪುಸ್ತಕದಲ್ಲಿ ಬರೆಯಿರಿ, ನಾವು ಪುಟ ಮುಚ್ಚುತ್ತೇವೆ. ಚೀಲದ ಮೇಲಿನ ಚೀಟಿಯಲ್ಲಿ ಹೆಸರು, ಮನೆ ಗುರುತು ಮಾತ್ರ ಇರುತ್ತದೆ. (ಈ ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲಿ ಗಂಡಸಾಗಲಿ ಹೆಂಗಸಾಗಲಿ, ವ್ಯಕ್ತಿಯನ್ನು 'ಅವಳು' ಅಂತಲೇ ಬರೆದಿದ್ದಾರೆ. ಓದುವಾಗ ನನಗೆ ಆ ಹೆಣ್ಣುಮಗಳೇ ನೆನಪಾದರು.)

ನಮ್ಮಲ್ಲಿ ನಿಮ್ಮ ಏನೇನು ಮಾಹಿತಿ ಇದೆ ಅಂತ ನೀವು ಕೇಳಬಹುದು. ತಪ್ಪಿದ್ದರೆ ತಿದ್ದಿಸಬಹುದು, ಅಳಿಸಿ ಅನ್ನಬಹುದು. ನಿಮ್ಮ ನಂತರ ಈ ಹಕ್ಕು ಯಾರಿಗೆ ಹೋಗಬೇಕು ಅಂತ ನಾಮಿನಿ ಹೆಸರೂ ಕೊಡಬಹುದು. ಆದರೆ ಎಲ್ಲವನ್ನೂ ಅಳಿಸಲು ಆಗುವುದಿಲ್ಲ. ಸದಸ್ಯರ ರಿಜಿಸ್ಟರ್ ಇಡಲೇಬೇಕು, ಸಹಕಾರ ಕಾನೂನು ಅದನ್ನು ಕೇಳುತ್ತದೆ. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಡಬೇಕು. ದೂರಿದ್ದರೆ ಮೊದಲು ನನಗೆ ಹೇಳಿ. ನಿಯಮದಲ್ಲಿ 90 ದಿನದವರೆಗೆ ಅವಕಾಶ ಇದೆ, ನಾವು 15 ದಿನದಲ್ಲಿ ಉತ್ತರ ಕೊಡುತ್ತೇವೆ. ಸಮಾಧಾನ ಆಗದಿದ್ದರೆ, 2027ರ ಮೇ ಗಡುವು ಮುಗಿದ ಮೇಲೆ ನೀವು ಕೇಂದ್ರದ ದತ್ತಾಂಶ ಸಂರಕ್ಷಣಾ ಮಂಡಳಿಗೆ ಹೋಗಬಹುದು. ಮಾಹಿತಿ ಜೋಪಾನ ಮಾಡದವರಿಗೆ ಆಗ 250 ಕೋಟಿ ರೂಪಾಯಿವರೆಗೆ ದಂಡ ಇರುತ್ತದೆ.

ಕಾಯ್ದೆಯ ಎರಡು ವಿಷಯ ನನಗೆ ಸಮಾಧಾನ ತಂದಿಲ್ಲ. ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಜಾಸ್ತಿ ಕೊಟ್ಟಿದ್ದಾರೆ. ಇನ್ನೊಂದು, ಇದು ಡಿಜಿಟಲ್ ಮಾಹಿತಿಗೆ, ಇಲ್ಲವೇ ಕಾಗದದಿಂದ ಕಂಪ್ಯೂಟರಿಗೆ ಏರಿದ ಮಾಹಿತಿಗೆ ಮಾತ್ರ. ಬರೀ ಕಾಗದದಲ್ಲೇ ಉಳಿದಿದ್ದು ಇದರ ಕೆಳಗೆ ಬರುವುದಿಲ್ಲ. ಬೀರುವಿನಲ್ಲೇ ಇದ್ದ ಆ ಜೆರಾಕ್ಸ್ ಕಾಯ್ದೆಯ ಲೆಕ್ಕಕ್ಕೇ ಸಿಗುವುದಿಲ್ಲ. ಆದರೆ ನಮ್ಮ ಸಂಘದಲ್ಲಿ ಕಾಗದಕ್ಕೂ ಇದೇ ನಿಯಮ. ಸಭೆಯ ನಡಾವಳಿ ಪುಸ್ತಕದಲ್ಲಿ ಹಾಗೆಯೇ ಬರೆದು ಸಹಿ ಹಾಕಿದ್ದೇವೆ.

ಬೀರುವಿನಲ್ಲಿ ಉಳಿದಿರುವ ಆಧಾರ್ ಪ್ರತಿಗಳನ್ನು ಈ ಭಾನುವಾರ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಅಂಗಡಿಯಲ್ಲಿ ವಾಪಸ್ ಕೊಡುತ್ತೇವೆ. ಸದಸ್ಯತ್ವದ ಪುಸ್ತಕ ತನ್ನಿ. ಬರಲಾಗದವರ ಪ್ರತಿಗಳನ್ನು ತಿಂಗಳ ಕೊನೆಯ ದಿನ ಇಬ್ಬರು ಸದಸ್ಯರ ಎದುರಿಗೇ ಚೂರು ಮಾಡಿ, ನೀರಲ್ಲಿ ನೆನೆಸಿ, ಗೊಬ್ಬರದ ಗುಂಡಿಗೆ ಹಾಕುತ್ತೇವೆ. ಆ ಇಬ್ಬರಲ್ಲಿ ಒಬ್ಬರು ಪೊಟ್ಟಣ ತಂದುಕೊಟ್ಟ ಸದಸ್ಯೆ. ಕೇಳಿದ್ದಕ್ಕೆ ಬರುತ್ತೇನೆ ಅಂದಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ